ಮೇರಿ ದೊಡ್ಡವಳೋ, ಲಿಂಡಾ ದೊಡ್ಡವಳೋ? ಹೆಸರಿನ ಚಿತ್ರ ಬಿಡಿಸುವವರಿಗೆ ಒಂದು ಟಿಪ್ಪಣಿ

ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು 1880ರಿಂದೀಚೆಗೆ ಹುಟ್ಟಿದ ಮಕ್ಕಳ ಹೆಸರುಗಳನ್ನು ವರ್ಷವಾರು ಎಣಿಸಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಒಂದೊಂದು ಸಾಲಿನಲ್ಲಿ ಇರುವುದು ಇಷ್ಟೇ: ಹೆಸರು, ಗಂಡೋ ಹೆಣ್ಣೋ, ಎಷ್ಟು ಮಕ್ಕಳು. ದತ್ತಾಂಶವನ್ನು ಚಿತ್ರವಾಗಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸರಕನ್ನು ನಾನು ಕಂಡಿಲ್ಲ.

ಗ್ರಾಫ್ ಹಾಳೆಯೊಂದನ್ನು ತೆಗೆದುಕೊಳ್ಳಿ. 10,000 ಮಕ್ಕಳಿಗೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. 1947ರ ಲಿಂಡಾ 99 ಸಾವಿರ ದಾಟಿದ್ದಾಳೆ. ಅವಳ ಕಂಬ ಹತ್ತು ಸೆಂಟಿಮೀಟರಿನಷ್ಟು ಏರುತ್ತದೆ. 1880ರ ಮೇರಿ 7,065. ಅವಳ ಕಂಬ ಏಳೇ ಮಿಲಿಮೀಟರ್. ಈಗ ಅದೇ ಹಾಳೆಯ ಪಕ್ಕದಲ್ಲಿ, ಆಯಾ ವರ್ಷದ ಪಟ್ಟಿಯ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಒಬ್ಬಳಿಗೆ ಒಂದು ಸೆಂಟಿಮೀಟರ್ ಎಂದು ಬಿಡಿಸಿ. ಮೇರಿ ಏಳು ದಾಟುತ್ತಾಳೆ, ಲಿಂಡಾ ಐದೂವರೆಗೆ ನಿಲ್ಲುತ್ತಾಳೆ. ಚಿತ್ರ ತಲೆಕೆಳಗಾಯಿತು!

ಇದಕ್ಕೆ ಜನಸಂಖ್ಯೆ ಬೆಳೆದದ್ದೊಂದೇ ಕಾರಣವಲ್ಲ. ಈ ಎಣಿಕೆ ಸಾಮಾಜಿಕ ಭದ್ರತೆಯ ಕಾರ್ಡಿಗೆ ಹಾಕಿದ ಅರ್ಜಿಗಳಿಂದ ಬಂದದ್ದು. ಆ ಕಾರ್ಡುಗಳು ಬಂದದ್ದು 1936ರಲ್ಲಿ. 1880ರಲ್ಲಿ ಹುಟ್ಟಿದವರು ಐವತ್ತು ದಾಟಿದ ಮೇಲೆ ಅರ್ಜಿ ಹಾಕಿದ್ದರೆ ಮಾತ್ರ ಈ ಎಣಿಕೆಗೆ ಸಿಕ್ಕಿದ್ದಾರೆ. ಅಷ್ಟರೊಳಗೆ ತೀರಿಕೊಂಡವರು ಇದರಲ್ಲಿ ಇಲ್ಲವೇ ಇಲ್ಲ. ಹಳೆಯ ವರ್ಷಗಳ ಕಂಬಗಳನ್ನು ನೋಡುವಾಗ ಈ ಗೈರುಹಾಜರಿ ನೆನಪಿನಲ್ಲಿರಲಿ.

ಇದೇ ಹೆಸರುಗಳನ್ನು ಅಂತರಜಾಲದಲ್ಲಿ ಚಿತ್ರವಾಗಿ ತೋರಿಸಲು 2005ರಲ್ಲಿ ಮಾರ್ಟಿನ್ ವಾಟೆನ್‌ಬರ್ಗ್ ರೂಪಿಸಿದ ‘ನೇಮ್‌ವಾಯೇಜರ್’ ಹತ್ತು ಲಕ್ಷ ಮಕ್ಕಳಿಗೆ ಎಷ್ಟು ಎಂಬ ಲೆಕ್ಕವನ್ನೇ ಹಿಡಿಯಿತು. ಹುಡುಗಿಯರ ಹೆಸರಿಗೆ ಗುಲಾಬಿ ಪಟ್ಟೆ, ಹುಡುಗರದ್ದಕ್ಕೆ ನೀಲಿ. ಒಂದರ ಮೇಲೊಂದು ಕೂತು ಕಾಲದುದ್ದಕ್ಕೂ ಹೊಳೆಯಂತೆ ಹರಿಯುತ್ತವೆ. ಇಂಥ ಚಿತ್ರಕ್ಕೆ ಒಂದು ಕೊರತೆಯಿದೆ. ಕೆಳಗಿನ ಪಟ್ಟೆ ಉಬ್ಬಿದರೆ ಮೇಲಿನದು ತಾನು ಬೆಳೆಯದಿದ್ದರೂ ಮೇಲೇರುತ್ತದೆ. ವಾಟೆನ್‌ಬರ್ಗ್ ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ: ಒಂದು ಅಕ್ಷರ ಒತ್ತಿದರೆ ಆ ಅಕ್ಷರದಿಂದ ಶುರುವಾಗುವ ಹೆಸರುಗಳಷ್ಟೇ ಉಳಿದು, ಚಿತ್ರ ಮೆಲ್ಲನೆ ಹೊಸ ಆಕಾರಕ್ಕೆ ಹೊರಳುತ್ತದೆ. ‘ಓ’ ಒತ್ತಿದವರಿಗೆ ಹೊಳೆ ಮೊದಲು ಅಗಲವಾಗಿ, ಇಪ್ಪತ್ತನೆಯ ಶತಮಾನದ ನಡುವೆ ಸಣ್ಣದಾಗಿ, ಮತ್ತೆ ತುಂಬಿಕೊಳ್ಳುವುದು ಕಾಣುತ್ತಿತ್ತು.

ನೀವೇ ಬಿಡಿಸುವಾಗ ಎರಡು ಕಡೆ ಎಚ್ಚರ ಬೇಕು. ಕ್ಯಾಥರೀನ್ ನಮ್ಮ ಲಿಪಿಯಲ್ಲಿ ಒಂದೇ ಹೆಸರು. ಆ ಪಟ್ಟಿಯಲ್ಲಿ ‘ಸಿ’ಯಿಂದ ಬರೆದದ್ದು ಬೇರೆ, ‘ಕೆ’ಯಿಂದ ಬರೆದದ್ದು ಬೇರೆ. ಕೂಡಿಸುವುದೋ ಬಿಡುವುದೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಇನ್ನು, ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗಿಟ್ಟ ಹೆಸರನ್ನು ಖಾಸಗಿತನದ ಸಲುವಾಗಿ ಪಟ್ಟಿಯಿಂದ ಕೈಬಿಡುತ್ತಾರೆ. ಅಲ್ಲಿ ಸೊನ್ನೆ ಎಂದು ಗೆರೆಯನ್ನು ನೆಲಕ್ಕೆ ಇಳಿಸಿದರೆ ತಪ್ಪು. ನಾನು ಅಂಥ ವರ್ಷಗಳಲ್ಲಿ ಪೆನ್ಸಿಲಿನಿಂದ ಚುಕ್ಕಿ ಗೆರೆ ಎಳೆಯುತ್ತೇನೆ.