ಹೆಬ್ಬೆರಳು ಒತ್ತದವರ ದೂರು

ಉಡುಪಿ ರಥಬೀದಿ ಹತ್ತಿರದ ಒಂದು ಅಂಗಡಿಯಲ್ಲಿ ನಮ್ಮ ಬಿಲ್ಲಿಂಗ್ ತಂತ್ರಾಂಶ ಬಳಸುತ್ತಾರೆ. ಓಪನ್ ಸೋರ್ಸ್, ಅಂದರೆ ಕೋಡ್ ಯಾರು ಬೇಕಾದರೂ ನೋಡಿ ತಿದ್ದಬಹುದು; ದುಡ್ಡಿಲ್ಲ, ಮೂರು ಜನ ರಾತ್ರಿ ಊಟ ಆದಮೇಲೆ ಕೂತು ಮಾಡುವ ಕೆಲಸ. ಕಳೆದ ಮಳೆಗಾಲ ನೋಟ್‌ಬುಕ್ ತರಲು ಹೋದವನು ಸುಮ್ನೆ ಕೌಂಟರ್ ಪಕ್ಕ ನಿಂತೆ. ಅಲ್ಲಿನ ಅಕ್ಕ ಬಿಲ್ಲನ್ನು ಮೊದಲು ಕಾರ್ಬನ್ ಪುಸ್ತಕದಲ್ಲಿ ಬರೆದು, ಗಿರಾಕಿ ಹೋದಮೇಲೆ ಕಂಪ್ಯೂಟರಿಗೆ ಹಾಕುತ್ತಿದ್ದರು. ಎರಡೆರಡು ಸಲ ಯಾಕೆ ಅಂದೆ.

"ಕರೆಂಟ್ ಹೋದ್ರೆ ಅರ್ಧ ಹಾಕಿದ ಬಿಲ್ಲು ಹೋಗ್ತದಲ್ಲ ಸರ್."

ಹೇಳಬಹುದಿತ್ತಲ್ಲ ಮಾರಾಯ್ರೆ?

"ಕಂಪ್ಯೂಟರ್ ಅಂದ್ರೆ ಹಾಗೇ ಅಂತ ಎಣಿಸಿದ್ದೆ."

ನಮ್ಮ ಕೋಡ್ ಇರುವುದು ಗಿಟ್‌ಹಬ್ ಅನ್ನುವ ಜಾಲತಾಣದಲ್ಲಿ; ದೂರು, ಬೇಡಿಕೆಗಳ ಪಟ್ಟಿಯೂ ಅಲ್ಲೇ, 'ನನಗೂ ಬೇಕು' ಅನ್ನುವವರು ಹೆಬ್ಬೆರಳಿನ ಚಿತ್ರ ಒತ್ತುತ್ತಾರೆ. ಅದೇ ವಾರ ಆ ಪಟ್ಟಿಯಲ್ಲಿ ಅತಿ ಹೆಚ್ಚು ಹೆಬ್ಬೆರಳು ಬಿದ್ದಿದ್ದು ಡಾರ್ಕ್ ಮೋಡ್‌ಗೆ, ಅಂದರೆ ಪರದೆಯ ಹಿನ್ನೆಲೆ ಕಪ್ಪಾಗಿಸುವ ಸೌಕರ್ಯಕ್ಕೆ.

ಹೆಬ್ಬೆರಳನ್ನು ಬೈಯುತ್ತಿಲ್ಲ. 2016ಕ್ಕೆ ಮೊದಲು ಗಿಟ್‌ಹಬ್‌ನಲ್ಲಿ 'ನನಗೂ ಬೇಕು' ಅನ್ನೋಕೆ 'ಪ್ಲಸ್ ಒನ್' ಅಂತ ಕಮೆಂಟೇ ಹಾಕಬೇಕಿತ್ತು, ಆ ರಾಶಿಯಲ್ಲಿ ಕೆಲಸಕ್ಕೆ ಬರುವ ಮಾಹಿತಿ ಮುಳುಗಿಹೋಗುತ್ತಿತ್ತು. ಆ ವರ್ಷ ತಂತ್ರಾಂಶ ನೋಡಿಕೊಳ್ಳುವವರು ಸೇರಿ ಬಹಿರಂಗ ಪತ್ರ ಬರೆದಮೇಲೆ ಹೆಬ್ಬೆರಳಿನಂಥ ಇಮೋಜಿ ಬಂತು. ಆದರೆ ಒತ್ತುವವರು ಯಾರು? ಖಾತೆ ಇದ್ದವರು, ಹೆಚ್ಚಾಗಿ ನಮ್ಮಂಥ ಕೋಡ್ ಬರೆಯುವವರು. ಡೆಬಿಯನ್ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂನವರದು ಇನ್ನೊಂದು ದಾರಿ: ಬಳಕೆದಾರ ಒಪ್ಪಿದರೆ ಮಾತ್ರ ಯಾವ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಬಳಕೆಯಲ್ಲಿದೆ ಅನ್ನುವ ವರದಿ ವಾರಕ್ಕೊಮ್ಮೆ ಹೋಗುತ್ತದೆ, ಹಂಚುವ ಮೊದಲ ಡಿಸ್ಕಿನಲ್ಲಿ ಯಾವುದಿರಬೇಕು ಅಂತ ತೀರ್ಮಾನಿಸಲು ಅದು ಅನುಕೂಲ. ಒಳ್ಳೆಯದೇ. ಆದರೆ ಎಣಿಕೆ ಮಾತ್ರ ನೋಡಿದ್ದರೆ ಅಕ್ಕನ ಅಂಗಡಿಯಲ್ಲಿ ದಿನದ ಬಿಲ್ಲೆಲ್ಲ ಸರಿಯಾಗಿಯೇ ಬಿದ್ದಿದೆ! ಕಾರ್ಬನ್ ಪುಸ್ತಕ ಅದರಲ್ಲಿ ಎಲ್ಲಿ ಕಾಣಬೇಕು?

ಆಮೇಲಿಂದ 'ನಿಮಗೆ ಏನು ಬೇಕು' ಅಂತ ಕೇಳುವುದನ್ನು ಬಿಟ್ಟೆ. ಹಾಗೆ ಕೇಳಿದರೆ ಜನ ಮರ್ಯಾದೆಗೆ ಏನಾದರೂ ಹೇಳುತ್ತಾರೆ, ಅಲ್ವಾ? 'ನಿನ್ನೆ ಎಲ್ಲಿ ಸಿಕ್ಕಿಬಿದ್ದಿರಿ, ಆಗ ಏನು ಮಾಡಿದಿರಿ' ಅಂತ ಕೇಳುತ್ತೇನೆ. ಪ್ರತಿ ದೂರಿನ ಪಕ್ಕ ಬರೆದಿಡುತ್ತೇನೆ: ಕೆಲಸ ನಿಂತೇ ಹೋಯಿತಾ, ಬರೀ ಕಿರಿಕಿರಿಯಾ, ಸರಿಮಾಡಲು ಎಷ್ಟು ರಾತ್ರಿ ಬೇಕು. ಬಿಲ್ಲಿನ ಒಂದೊಂದು ಸಾಲೂ ಹಾಕಿದ ಕೂಡಲೇ ಉಳಿಯುವ ಹಾಗೆ ಮಾಡಲು ಎರಡು ರಾತ್ರಿ ಸಾಕಾಯಿತು. ಎರಡೇ! ವರ್ಷಗಟ್ಟಲೆ ಅಕ್ಕ ಎರಡೆರಡು ಸಲ ಬರೆದಿದ್ದರು.

ಡಾರ್ಕ್ ಮೋಡ್ ಏನಾಯಿತು ಅಂತೀರಾ? ಗುರುತಿಲ್ಲದ ಒಬ್ಬರು ತಾವೇ ಬರೆದು ಕಳಿಸಿದರು, ಸೇರಿಸಿದೆವು. ಓಪನ್ ಸೋರ್ಸಿನಲ್ಲಿ ಆದ್ಯತೆ ಪಟ್ಟಿ ನಡೆಯುವುದು ನಮ್ಮ ಸ್ವಂತ ಸಮಯದ ಮೇಲೆ ಮಾತ್ರ, ಇಷ್ಟಪಟ್ಟು ಬಂದವರಿಗೆ ಇದನ್ನೇ ಮಾಡಿ ಅಂತ ಹೇಳೋಕಾಗುತ್ತಾ?

ಮೊನ್ನೆ ಹೋದಾಗ ನೋಡಿದರೆ ಕಾರ್ಬನ್ ಪುಸ್ತಕ ಇನ್ನೂ ಅಲ್ಲೇ. ಈಗ ಸರಿಯಾಗಿದೆಯಲ್ಲ ಅಂದೆ.

"ಇನ್ನೊಂದು ಮಳೆಗಾಲ ಕಳೀಲಿ ಸರ್."