ತಟ್ಟೆಯಲ್ಲಿ ಉಳಿದ ಅನ್ನ: ಸಾಕುನಾಯಿಯ ಊಟದ ಕ್ರಮ ಮತ್ತು ಅಗಲಿಕೆಯ ಆತಂಕ

ಸಾಕುನಾಯಿಯ ಆಹಾರವನ್ನೂ ಅದರ ನಡವಳಿಕೆಯನ್ನೂ ನಾವು ಎರಡು ಬೇರೆ ಅಧ್ಯಾಯಗಳಾಗಿ ಓದುತ್ತೇವೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಮನೆಗಳಿಂದ ಪಶು ಆಸ್ಪತ್ರೆಗೆ ಬರುವ ದೂರು ಮಾತ್ರ ಹಾಗೆ ಎರಡಾಗಿ ಬರುವುದಿಲ್ಲ. "ನಾವ್ ಮನ್ಯಾಗ ಇದ್ರ ಗಬಗಬ ತಿಂತೈತ್ರಿ ಸರ್, ಬೀಗ ಹಾಕ್ಕೊಂಡು ಹೋದ್ರ ಮೂಸಿ ಸೈತ ನೋಡಂಗಿಲ್ರಿ" ಎಂಬ ಒಂದೇ ಮಾತಿನಲ್ಲಿ ಎರಡೂ ಅಧ್ಯಾಯಗಳು ಸೇರಿಕೊಂಡಿರುತ್ತವೆ. ಮನೆಯವರು ಇದನ್ನು ಹಟವೆಂದೋ, ಮುದ್ದು ಹೆಚ್ಚಾಗಿ ಬಂದ ಸೊಕ್ಕೆಂದೋ ತಿಳಿಯುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಊಟ ಬಿಡುವ ನಾಯಿಯಲ್ಲಿ ನಾವು ಮೊದಲು ಅನುಮಾನಿಸಬೇಕಾದದ್ದು ಮನೆಯವರು ಬಿಟ್ಟುಹೋದಾಗ ಹುಟ್ಟುವ ಹೆದರಿಕೆಯನ್ನು, ಅಂದರೆ ಅಗಲಿಕೆಯ ಆತಂಕವನ್ನು. ಈ ಟಿಪ್ಪಣಿಯ ಉದ್ದಕ್ಕೂ ನಾನು ಹಿಡಿದುಕೊಂಡಿರುವ ಎಳೆ ಇದೇ.

ಇದರ ಹಿಂದಿನ ಶರೀರಕ್ರಿಯೆ ಸರಳವಾಗಿದೆ. ಪ್ರಾಣಿಗೆ ಭಯವಾದಾಗ ದೇಹವನ್ನು ಓಡಲು ಇಲ್ಲವೆ ಎದುರಿಸಲು ಅಣಿಗೊಳಿಸುವ ಅನುವೇದನಾ (ಸಿಂಪಥೆಟಿಕ್) ನರಮಂಡಲ ಚುರುಕಾಗಿ, ಹೃದಯಕ್ಕೂ ಸ್ನಾಯುಗಳಿಗೂ ರಕ್ತ ಹೆಚ್ಚು ಹರಿದು, ಜಠರ ಮತ್ತು ಕರುಳಿನ ಕೆಲಸ ನಿಧಾನವಾಗುತ್ತದೆ. ಆ ಹೊತ್ತಿನಲ್ಲಿ ನಾಯಿಗೆ ತಿನ್ನುವ ಮನಸ್ಸೇ ಇರುವುದಿಲ್ಲ. ಮಾಲೀಕರು ಬಾಗಿಲು ತೆರೆದು ಒಳಬಂದು ಸ್ವಲ್ಪ ಹೊತ್ತಾದ ಮೇಲೆ ಭಯ ಇಳಿಯುತ್ತದೆ, ಹಸಿವು ಮರಳುತ್ತದೆ, ಬೆಳಗಿನಿಂದ ಹಾಗೇ ಇದ್ದ ಅನ್ನವನ್ನು ಅದು ನಿಮಿಷದೊಳಗೆ ನುಂಗಿಬಿಡುತ್ತದೆ. ಹೀಗೆ ನುಂಗುವುದನ್ನು ಕಂಡು "ಹಸಿವಿದ್ದೂ ನಾಟಕ ಮಾಡುತ್ತಿತ್ತು" ಎಂದು ತೀರ್ಮಾನಿಸುವುದು ನಾಯಿಗೆ ಮಾಡುವ ಅನ್ಯಾಯವೆಂದೇ ನನಗೆ ಅನಿಸುತ್ತದೆ.

ಎಷ್ಟು ಹಾಕಬೇಕು

ನಡವಳಿಕೆಯನ್ನು ತಟ್ಟೆಯ ಮೂಲಕ ಓದಬೇಕಾದರೆ ತಟ್ಟೆಗೆ ಹಾಕುವ ಪ್ರಮಾಣ ಗೊತ್ತಿರಬೇಕು. ಅಗತ್ಯಕ್ಕಿಂತ ಹೆಚ್ಚು ಹಾಕಿ, ಉಳಿದದ್ದನ್ನು ನೋಡಿ ಊಟ ಬಿಟ್ಟಿದೆ ಎನ್ನುವುದು ಸಾಮಾನ್ಯ. ನಾಯಿಯ ವಿಶ್ರಾಂತ ಸ್ಥಿತಿಯ ದಿನದ ಶಕ್ತಿಯ ಅಗತ್ಯವನ್ನು ತಿಳಿಯಲು ಕಿಲೊ ಲೆಕ್ಕದಲ್ಲಿ ಅದರ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಬೇಕು. ಸಾದಾ ಕ್ಯಾಲ್ಕುಲೇಟರ್‌ನಲ್ಲಿ ಇದನ್ನು ಮಾಡಲು ತೂಕದ ಘನವನ್ನು ತೆಗೆದು ಎರಡು ಸಲ ವರ್ಗಮೂಲ ಕಂಡರೆ ಸಾಕು. 5 ಕಿಲೊ ತೂಕದ ನಾಯಿಯಾದರೆ 125, ಅದರ ವರ್ಗಮೂಲ 11.18, ಮತ್ತೆ ವರ್ಗಮೂಲ 3.34, ಅದನ್ನು 70ರಿಂದ ಗುಣಿಸಿದರೆ ಸುಮಾರು 234 ಕಿಲೊ ಕ್ಯಾಲರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ವಯಸ್ಕ ನಾಯಿಗೆ ಇದರ 1.6 ಪಟ್ಟು, ಆಗದಿರುವುದಕ್ಕೆ 1.8 ಪಟ್ಟು, ನಾಲ್ಕು ತಿಂಗಳೊಳಗಿನ ಮರಿಗೆ 3 ಪಟ್ಟು ಎಂದು ಲೆಕ್ಕ ಹಿಡಿಯುತ್ತಾರೆ. ಅಂದರೆ ಶಸ್ತ್ರಚಿಕಿತ್ಸೆಯಾದ 5 ಕಿಲೊ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 375 ಕಿಲೊ ಕ್ಯಾಲರಿ.

ಈಗ ನಮ್ಮ ಅಡುಗೆಮನೆಗೆ ಬರೋಣ. 50 ಗ್ರಾಂ ಹಿಟ್ಟಿನಿಂದ ಬಡಿದ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕಿಲೊ ಕ್ಯಾಲರಿ ಇರುತ್ತದೆ. ಎರಡು ರೊಟ್ಟಿ ತಿಂದರೆ ಆ ಪುಟ್ಟ ನಾಯಿಯ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ತಿಂಡಿ ತಿನಿಸುಗಳೆಲ್ಲ ಸೇರಿ ದಿನದ ಒಟ್ಟು ಕ್ಯಾಲರಿಯ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂಬುದು ಒಪ್ಪಿತ ಮಿತಿ. 5 ಗ್ರಾಂ ತೂಗುವ ಗ್ಲೂಕೋಸ್ ಬಿಸ್ಕತ್ತಿನಲ್ಲಿ 20ಕ್ಕಿಂತ ಹೆಚ್ಚು ಕಿಲೊ ಕ್ಯಾಲರಿ ಇರುವುದರಿಂದ, ಚಹಾದ ಹೊತ್ತಿಗೆ ಅಜ್ಜ ಹಾಕುವ ಎರಡು ಬಿಸ್ಕತ್ತಿಗೇ ಆ ಮಿತಿ ದಾಟಿಹೋಗುತ್ತದೆ. ಸೂತ್ರ ಕೊಡುವುದು ಆರಂಭದ ಅಂದಾಜನ್ನು ಮಾತ್ರ. ಮುಂದಿನ ತೀರ್ಮಾನವನ್ನು ಕೈಯಿಂದ ಮುಟ್ಟಿ ಮಾಡಬೇಕು: ಒತ್ತದೆಯೇ ಪಕ್ಕೆಲುಬು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲಕ್ಕೆ ಎಳೆದುಕೊಂಡಂತೆ ಇರಬೇಕು. ಮುಧೋಳ ನಾಯಿಯ ಮೈಕಟ್ಟೇ ತೆಳುವಾದದ್ದು. ಅದು ಸೊರಗಿದೆಯೆಂದು ಭಾವಿಸಿ ತುರುಕಿ ತಿನ್ನಿಸುವುದು ಸರಿಯಲ್ಲ.

ನಾಯಿಗೆ ರೊಟ್ಟಿ, ಅನ್ನ ಒಗ್ಗುವುದಿಲ್ಲ ಎಂಬ ಮಾತನ್ನು ಕೆಲವರು ಬಲವಾಗಿ ಹೇಳುತ್ತಾರೆ. ತೋಳಕ್ಕಿಂತ ನಾಯಿಗೆ ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ವಂಶವಾಹಿಯ ಪ್ರತಿಗಳು ಬಹಳ ಹೆಚ್ಚಿವೆ ಎಂಬುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿದೆ. ಚೆನ್ನಾಗಿ ಬೆಂದ ಸೋನಾ ಮಸೂರಿ ಅನ್ನವಾಗಲಿ ಜೋಳದ ರೊಟ್ಟಿಯಾಗಲಿ ಅದಕ್ಕೆ ಜೀರ್ಣವಾಗುತ್ತದೆ. ತೊಂದರೆ ಇರುವುದು ಅವುಗಳ ಜೊತೆಗೆ ಹಾಕುವುದರಲ್ಲಿ. ನಮ್ಮ ಸಾರು, ಪಲ್ಯ, ಒಗ್ಗರಣೆ ಯಾವುದೂ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದೆ ಆಗುವುದಿಲ್ಲ; ಇವೆರಡರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಕೊಡಲೇಬಾರದು. ಮರಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅನ್ನ ಮತ್ತು ಮೂಳೆಯಿಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಸಾಕಷ್ಟಿದ್ದು ಕ್ಯಾಲ್ಸಿಯಂ ತೀರ ಕಡಿಮೆ. ಅದನ್ನೇ ತಿಂದು ಬೆಳೆಯುವ ಮರಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ. ಬಿಸಿಲಲ್ಲಿ ಬಿಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಏಕೆಂದರೆ ಮನುಷ್ಯರ ಚರ್ಮಕ್ಕೆ ಸಾಧ್ಯವಾದಂತೆ ನಾಯಿಯ ಚರ್ಮಕ್ಕೆ ಸಾಕಷ್ಟು ವಿಟಮಿನ್ ಡಿ ತಯಾರಿಸಲು ಆಗುವುದಿಲ್ಲ.

ಯಾವಾಗ ಹಾಕಬೇಕು

ನಮ್ಮ ಭಾಗದಲ್ಲಿ ಊಟದ ವೇಳೆಯನ್ನು ಬಿಸಿಲು ನಿರ್ಧರಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ನಾಯಿ ಕಡಿಮೆ ತಿನ್ನುವುದು ಸಹಜ. ಅಂಥ ಸೆಕೆಯಲ್ಲಿ ಬೇಯಿಸಿದ ಅನ್ನವನ್ನು ಒಂದು ತಾಸಿಗಿಂತ ಹೆಚ್ಚು ಹೊತ್ತು ಹೊರಗಿಡುವುದು ಸುರಕ್ಷಿತವಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಮನೆಮಂದಿಯೆಲ್ಲ ಹೊರಟು ದೊಡ್ಡ ತಟ್ಟೆ ತುಂಬ ಅನ್ನ ಕಲಸಿಟ್ಟು ಹೋಗುವುದಾಗಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವರೆಗೆ ಒಂದೇ ಸಲ ಹಾಕಿಡುವುದಾಗಲಿ ಪ್ರೀತಿಯಿಂದ ಮಾಡುವ ಕೆಲಸಗಳೇ, ಆದರೆ ಫಲ ಕೆಟ್ಟದ್ದು: ಅನ್ನ ಹಳಸುತ್ತದೆ, ಇರುವೆ ಮುತ್ತುತ್ತವೆ, ಹೆದರಿದ ನಾಯಿ ತಿನ್ನುವುದೂ ಇಲ್ಲ. ನೀರನ್ನು ಮಾತ್ರ ಎರಡು ಕಡೆ, ಸುಲಭವಾಗಿ ಉರುಳದ ಪಾತ್ರೆಯಲ್ಲಿ, ನೆರಳಿನಲ್ಲಿ ಇಟ್ಟು ಹೋಗಲೇಬೇಕು.

ವಯಸ್ಕ ನಾಯಿಗೆ ದಿನಕ್ಕೆ ಎರಡು ಊಟ ಸಾಕು. ಮರಿಗೆ ಮೂರರಿಂದ ನಾಲ್ಕು. ಮುಂಜಾನೆ ಬಿಸಿಲೇರುವ ಮೊದಲು ಅಡ್ಡಾಡಿಸಿ, ಸ್ವಲ್ಪ ದಣಿವಾರಿಸಿಕೊಳ್ಳಲು ಬಿಟ್ಟು, ಆಮೇಲೆ ಊಟ ಹಾಕಿ, ಊಟವಾದ ಅರ್ಧ ತಾಸಿನೊಳಗೆ ಮಲವಿಸರ್ಜನೆಗೆ ಹೊರಗೆ ಕರೆದೊಯ್ದು, ಅದಾದ ಮೇಲೆ ಮನೆಯವರು ಹೊರಡುವ ಕ್ರಮವೇ ಸರಿಯಾದದ್ದು. ಜಠರ ತುಂಬಿದೊಡನೆ ದೊಡ್ಡ ಕರುಳು ಚಲಿಸುವುದು ಪ್ರತಿವರ್ತನ ಕ್ರಿಯೆ. ಹೊರಡುವ ಗಡಿಬಿಡಿಯಲ್ಲಿ ಊಟ ಹಾಕಿ ಬೀಗ ಜಡಿದರೆ ನಾಯಿ ಒಳಗೇ ಹೊಲಸು ಮಾಡುತ್ತದೆ, ಅದನ್ನು ನೋಡಿದವರು ಆತಂಕದ ಲಕ್ಷಣವೆಂದು ತಪ್ಪಾಗಿ ಬರೆದುಕೊಳ್ಳುತ್ತಾರೆ. ಇಡೀ ದಿನ ಉಪವಾಸವಿದ್ದು ಸಂಜೆ ಒಮ್ಮೆಲೇ ನುಂಗುವ ರೂಢಿ ಮುಧೋಳ, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ನಾಯಿಗಳಲ್ಲಿ ಇನ್ನೂ ಅಪಾಯಕಾರಿ, ಏಕೆಂದರೆ ಅವುಗಳ ಜಠರ ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಸಂಭವ ಹೆಚ್ಚು. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿದರೂ ಏನೂ ಹೊರಬಾರದೆ ಚಡಪಡಿಸುವ ನಾಯಿಯನ್ನು ಬೆಳಗಿನವರೆಗೆ ಕಾಯಿಸಬಾರದು.

ಆತಂಕವನ್ನು ಗುರುತಿಸುವುದು

ಅಗಲಿಕೆಯ ಆತಂಕದ ಲಕ್ಷಣಗಳು ಬಹುತೇಕ ಮಾಲೀಕರು ಹೊರಟ ಮೊದಲ ಅರ್ಧ ತಾಸಿನೊಳಗೆ ಕಾಣಿಸಿಕೊಳ್ಳುತ್ತವೆ. ಊಳಿಡುವುದು, ಎಡೆಬಿಡದೆ ಬೊಗಳುವುದು, ಅತ್ತಿಂದಿತ್ತ ಒಂದೇ ದಾರಿಯಲ್ಲಿ ತಿರುಗಾಡುವುದು, ಜೊಲ್ಲು ಸುರಿಸುವುದು, ಬಾಗಿಲು ಮತ್ತು ಕಿಟಕಿಯ ಚೌಕಟ್ಟನ್ನು ಕೆರೆಯುವುದು ಇವುಗಳಲ್ಲಿ ಮುಖ್ಯವಾದವು. ಬೇಸರಕ್ಕೆ ಕಚ್ಚುವ ನಾಯಿ ಚಪ್ಪಲಿ, ದಿಂಬು ಎಂದು ಸಿಕ್ಕಿದ್ದನ್ನು ಕಚ್ಚುತ್ತದೆ; ಹೆದರಿದ ನಾಯಿಯ ಹಲ್ಲು ಉಗುರುಗಳ ಗುರುತು ಹೆಚ್ಚಾಗಿ ಜನ ಹೊರಗೆ ಹೋದ ಬಾಗಿಲಿನ ಮೇಲೆಯೇ ಇರುತ್ತವೆ. ಬೇಸಿಗೆ ರಜೆಯುದ್ದಕ್ಕೂ ಮಕ್ಕಳ ಜೊತೆಗಿದ್ದ ನಾಯಿಗೆ ಶಾಲೆ ಶುರುವಾದ ವಾರ, ಹಾಗೂ ಮನೆ ಬದಲಿಸಿದ ಅಥವಾ ಪಾಳಿ ಬದಲಾದ ದಿನಗಳು ಈ ತೊಂದರೆ ತಲೆಯೆತ್ತುವ ಕಾಲ.

ಊಹೆಗಿಂತ ದೃಶ್ಯ ಒಳ್ಳೆಯದು. ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲಿಟ್ಟು ಮೊದಲ ಒಂದು ತಾಸನ್ನು ಚಿತ್ರೀಕರಿಸಲು ಮನೆಯವರಿಗೆ ಹೇಳಬೇಕು. ಅದನ್ನು ನೋಡುವಾಗ ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆ ಅಗತ್ಯ. ತಗಡಿನ ಸೂರಿನ ಕೋಣೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ ಯಾವ ನಾಯಿಯೂ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಊಟ ಮುಟ್ಟುವುದಿಲ್ಲ. ಆದ್ದರಿಂದ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಮನೆಯವರು ಜೊತೆಗಿದ್ದಾಗಲೂ ಒಮ್ಮೆ ಚಿತ್ರೀಕರಿಸಿ ಹೋಲಿಸಬೇಕು. ಜನರಿದ್ದಾಗಲೂ ಹಾಗೇ ಇದ್ದರೆ ಅದು ತಾಪದ ಬಾಧೆ, ಕೂಡಲೇ ತಂಪಾದ ಜಾಗಕ್ಕೆ ಸಾಗಿಸಬೇಕು. ಒಳಗೇ ಮೂತ್ರ ಮಾಡುವ ನಾಯಿಯಲ್ಲಿ ಮೂತ್ರಕೋಶದ ಸೋಂಕು, ಮಧುಮೇಹ, ಮೂತ್ರಪಿಂಡದ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ನಡವಳಿಕೆಯ ಮಾತು.

ಚಿಕಿತ್ಸೆ

ಹೊಡೆಯುವುದರಿಂದ ಈ ತೊಂದರೆ ಉಲ್ಬಣಿಸುತ್ತದೆ. ತಪ್ಪು ಮಾಡಿದ ಮುಖ ಎಂದು ನಾವು ಕರೆಯುವ ಭಂಗಿ, ನಾಯಿ ನಿಜಕ್ಕೂ ತಪ್ಪು ಮಾಡಿದೆಯೇ ಎಂಬುದಕ್ಕಿಂತ ಮಾಲೀಕರ ಗದರಿಕೆಗೆ ತಕ್ಕಂತೆ ಮೂಡುತ್ತದೆ ಎಂಬುದನ್ನು ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಸರಪಳಿ ಬಿಗಿದು ಕಟ್ಟುವುದೂ ಬೋನಿನಲ್ಲಿ ಕೂಡಿಹಾಕುವುದೂ ಗಾಬರಿಗೊಂಡ ನಾಯಿಯ ಹಲ್ಲು, ಉಗುರು ಮುರಿಯಲು ದಾರಿಯಾಗುತ್ತವೆ. ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆ ಎಂಬ ಸಲಹೆ ಸಾಮಾನ್ಯವಾಗಿ ಫಲ ಕೊಡುವುದಿಲ್ಲ, ಏಕೆಂದರೆ ಅದು ಹಂಬಲಿಸುವುದು ಮನುಷ್ಯರಿಗಾಗಿ.

ರಷ್ಯದ ವಿಜ್ಞಾನಿ ಪಾವ್ಲೊವ್ ಅವರ ನಾಯಿಗಳು ಊಟದ ಸೂಚನೆಗೇ ಜೊಲ್ಲು ಸುರಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಇಲ್ಲಿ ಅದೇ ನಿಯಮ ಭಯದ ಕಡೆಗೆ ಕೆಲಸ ಮಾಡಿರುತ್ತದೆ. ಗೂಟದಿಂದ ಹೆಲ್ಮೆಟ್ ತೆಗೆದ ಸದ್ದು, ಬೈಕಿನ ಕೀಲಿಯ ಝಣಝಣ, ಬುತ್ತಿ ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ, ಇವುಗಳಲ್ಲಿ ಯಾವುದಕ್ಕೆ ನಾಯಿ ಕಿವಿ ಹಿಂದಕ್ಕೆ ಒತ್ತಿ ಬಾಲ ಇಳಿಸುತ್ತದೆ ಎಂದು ಮೊದಲು ಪಟ್ಟಿ ಮಾಡಬೇಕು. ಬಳಿಕ ಆ ಕೆಲಸವನ್ನು ಮಾಡಿ, ಎಲ್ಲಿಗೂ ಹೋಗದೆ, ಮತ್ತೆ ಕುಳಿತುಕೊಳ್ಳಬೇಕು. ಹೆಲ್ಮೆಟ್ ಹಾಕಿಕೊಂಡೇ ಉಳ್ಳಾಗಡ್ಡಿ ಹೆಚ್ಚಲು ಕುಳಿತರೂ ಸರಿಯೇ. ಸೂಚನೆಗೂ ಅಗಲಿಕೆಗೂ ಇದ್ದ ನಂಟು ಹೀಗೆ ಸಡಿಲವಾದ ಮೇಲೆ ಬಾಗಿಲಾಚೆ ಕೆಲವೇ ಕ್ಷಣ ನಿಂತು ಒಳಬರುವುದರಿಂದ ಆರಂಭಿಸಿ ಅವಧಿಯನ್ನು ಹೆಚ್ಚಿಸಬೇಕು, ನಡುನಡುವೆ ಕಡಿಮೆಯನ್ನೂ ಮಾಡುತ್ತಿರಬೇಕು. ಮೊದಲ 40 ನಿಮಿಷಗಳೇ ಕಠಿಣ. ಒಂದೂವರೆ ತಾಸು ನೆಮ್ಮದಿಯಿಂದ ಇರಬಲ್ಲ ನಾಯಿ ಸಾಮಾನ್ಯವಾಗಿ ಅರ್ಧ ದಿನವನ್ನೂ ತಡೆದುಕೊಳ್ಳುತ್ತದೆ. ಈ ಅಭ್ಯಾಸ ನಡೆಯುವಷ್ಟು ಕಾಲ ಅದನ್ನು ಹೆದರುವಷ್ಟು ಹೊತ್ತು ಒಂಟಿಯಾಗಿ ಬಿಡಬಾರದು. ಅಜ್ಜಿಯೋ, ನೆರೆಮನೆಯ ಅಕ್ಕನೋ ಬಂದು ಕುಳಿತರೆ ಸಾಕು.

ಆಹಾರ ಇಲ್ಲಿ ಎರಡು ಕೆಲಸ ಮಾಡುತ್ತದೆ. ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನವನ್ನು ಟೊಳ್ಳಾದ ರಬ್ಬರ್ ಆಟಿಕೆಯಲ್ಲಿ ತುಂಬಿ, ಫ್ರೀಜರಿನಲ್ಲಿ ಗಟ್ಟಿಮಾಡಿ, ಹೊರಡುವ ಐದು ನಿಮಿಷ ಮೊದಲು ಕೊಟ್ಟರೆ ಅಗಲಿಕೆಯ ಜೊತೆ ಹಿತವಾದದ್ದೊಂದು ಸೇರಿಕೊಳ್ಳುತ್ತದೆ. ಇದರ ಕ್ಯಾಲರಿಯನ್ನು ದಿನದ ಲೆಕ್ಕದಿಂದಲೇ ಕಳೆಯಬೇಕು. ಎರಡನೆಯದು ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯ. ಅವಧಿ ಹೆಚ್ಚಾಯಿತೇ ಎಂಬುದನ್ನು ಆ ಆಟಿಕೆಯೇ ಹೇಳುತ್ತದೆ. ಹತ್ತು ನಿಮಿಷದ ಅಗಲಿಕೆಯಲ್ಲಿ ನೆಕ್ಕಿ ಮುಗಿಸಿದ ನಾಯಿ ಇಪ್ಪತ್ತು ನಿಮಿಷಕ್ಕೆ ಏರಿಸಿದಾಗ ಅರ್ಧಕ್ಕೇ ಬಿಟ್ಟಿದ್ದರೆ, ಹಿಂದಿನ ಅವಧಿಗೆ ಮರಳಬೇಕು. ಗಾಬರಿ ಹತ್ತಿದ ಮೇಲೆ ಎಷ್ಟು ರುಚಿಯಾದ ತಿನಿಸೂ ಅದನ್ನು ಶಮನ ಮಾಡಲಾರದು.

ಇಷ್ಟಕ್ಕೂ ಬಗ್ಗದ ತೀವ್ರ ಪ್ರಕರಣಗಳಲ್ಲಿ ಪಶುವೈದ್ಯರು ಔಷಧಿ ಸೇರಿಸುತ್ತಾರೆ. ನಾಯಿಗಳ ಅಗಲಿಕೆಯ ಆತಂಕಕ್ಕೆ ಕ್ಲೊಮಿಪ್ರಮಿನ್ 1998ರಲ್ಲಿ, ಫ್ಲೂಒಕ್ಸೆಟಿನ್ 2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಇವು ಪೂರ್ಣ ಪರಿಣಾಮ ತೋರಲು ಕೆಲವು ವಾರಗಳು ಬೇಕು, ಅಭ್ಯಾಸವನ್ನು ಜೊತೆಗೇ ಮುಂದುವರಿಸಬೇಕು, ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಮನೆಯಲ್ಲಿರುವ ಮನುಷ್ಯರ ನಿದ್ದೆಮಾತ್ರೆಯನ್ನು ಅಂದಾಜಿನಲ್ಲಿ ಕೊಡುವುದು ಪ್ರಾಣಕ್ಕೇ ಕುತ್ತು ತರಬಹುದು. ಫ್ಲೂಒಕ್ಸೆಟಿನ್ ಪಡೆಯುವ ನಾಯಿಗಳಲ್ಲಿ ಹಸಿವು ಕಡಿಮೆಯಾಗುವುದು ಸಾಮಾನ್ಯ ಅಡ್ಡಪರಿಣಾಮವಾದ್ದರಿಂದ, ಮಾತ್ರೆ ಆರಂಭಿಸುವ ವಾರಕ್ಕೆ ಮೊದಲೇ ಜನರಿದ್ದಾಗ ಎಷ್ಟು ತಿನ್ನುತ್ತದೆ, ಒಂಟಿಯಾಗಿದ್ದಾಗ ಎಷ್ಟು ಬಿಡುತ್ತದೆ ಎಂಬುದನ್ನು ತೂಕಮಾಡಿ ಬೇರೆಬೇರೆಯಾಗಿ ಬರೆದಿಡಬೇಕು. ಆ ದಾಖಲೆ ಇಲ್ಲದಿದ್ದರೆ ತಟ್ಟೆಯಲ್ಲಿ ಉಳಿದದ್ದು ಔಷಧಿಯಿಂದಲೋ ಹೆದರಿಕೆಯಿಂದಲೋ ಎಂದು ಮುಂದಿನ ಭೇಟಿಯಲ್ಲಿ ಹೇಳುವುದು ಕಷ್ಟವಾಗುತ್ತದೆ.