ಡೆಕಾಲ್ ಅಂದ್ರೆ ಸ್ಟಿಕ್ಕರ್ ಅಲ್ಲ

ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ಮಾಡೆಲ್ ವಿಮಾನಗಳ ಹಳೆಯ ಕಿಟ್ ಮಾರುವವರು ‘ಸ್ಟಿಕ್ಕರ್ ಶೀಟ್ ಸ್ವಲ್ಪ ಹಳದಿಯಾಗಿದೆ’ ಅಂತ ಬರೆಯುತ್ತಾರೆ. ಕೊಂಡವರು ‘ಸ್ಟಿಕ್ಕರ್ ಕಿತ್ತರೆ ಬರ್ತಿಲ್ಲ’ ಅಂತ ಕೇಳುತ್ತಾರೆ. ಬರುವುದಿಲ್ಲ. ಅದು ಡೆಕಾಲ್, ಅಂದರೆ ಮಾಡೆಲ್ ಮೈಮೇಲೆ ಇಳಿಸುವ ಗುರುತು, ಅಂಕಿಗಳ ಚಿತ್ರ. ಅದನ್ನು ಕೀಳುವುದಲ್ಲ, ಜಾರಿಸುವುದು.

ಪದ ಫ್ರೆಂಚಿನದು. ಅಲ್ಲಿ ‘ಕಾಲ್ಕ್’ ಎಂದರೆ ಚಿತ್ರದ ಮೇಲೆ ತೆಳು ಹಾಳೆ ಇಟ್ಟು ಎತ್ತಿಕೊಂಡ ನಕಲು. ‘ದೆಕಾಲ್ಕೆ’ ಎಂದರೆ ಆ ನಕಲನ್ನು ಇನ್ನೊಂದು ಮೈಮೇಲೆ ಇಳಿಸುವುದು. ಅಚ್ಚಾದ ಚಿತ್ರಗಳನ್ನು ಗಾಜು, ಪಿಂಗಾಣಿ, ಮರದ ಪೆಟ್ಟಿಗೆಗಳ ಮೇಲೆ ಇಳಿಸುವ ಹವ್ಯಾಸ ಎಷ್ಟು ಹಬ್ಬಿತೆಂದರೆ, ಗೀಳು ಎಂಬರ್ಥದ ‘ಮನಿ’ ಸೇರಿ ಅದರ ಹೆಸರೇ ‘ದೆಕಾಲ್ಕೊಮನಿ’ ಆಯಿತು. 1860ರ ದಶಕದಲ್ಲಿ ಅದು ಇಂಗ್ಲಿಷಿಗೂ ಬಂತು. ಆಮೇಲೆ ಬಾಲ ಕತ್ತರಿಸಿಕೊಂಡು ಡೆಕಾಲ್ ಆಯಿತು. ಬ್ರಿಟನ್ನಿನ ಹಳೆಯ ಮಾಡೆಲ್‌ಗಾರರು ಇದನ್ನು ‘ಟ್ರಾನ್ಸ್‌ಫರ್’ ಎಂದೇ ಕರೆಯುತ್ತಿದ್ದರು. ಎರಡರಲ್ಲೂ ಅಂಟಿಸುವ ಮಾತಿಲ್ಲ, ದಾಟಿಸುವ ಮಾತಿದೆ.

ಕೆಲಸವೂ ಹಾಗೇ. ಸ್ಟಿಕ್ಕರ್‌ನ ಹಾಳೆಯೇ ಹೋಗಿ ಕೂರುತ್ತದೆ. ಡೆಕಾಲ್‌ನ ಕಾಗದ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಕಾಗದದ ಮೇಲೆ ನೀರಿಗೆ ಕರಗುವ ಗೋಂದು, ಅದರ ಮೇಲೆ ಪಾರದರ್ಶಕ ಪೊರೆ ಮತ್ತು ಬಣ್ಣ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಅದ್ದಿ, ಹೊರಗಿಟ್ಟು ಕಾದರೆ ಗೋಂದು ಸಡಿಲುತ್ತದೆ. ಹಾಲಿನ ಕೆನೆಯಂಥ ಆ ಪೊರೆ ಒಂದೇ ಜಾರುತ್ತದೆ. ಮೈಕ್ರೊ ಸಾಲ್‌ನಂಥ ದ್ರಾವಣ ಹಚ್ಚಿದರೆ ಮೆತ್ತಗಾಗಿ ಮಾಡೆಲ್ ಮೈಮೇಲೆ ಕೊರೆದ ಪ್ಯಾನೆಲ್ ಗೆರೆಗಳೊಳಗೂ ಇಳಿದು ಕೂರುತ್ತದೆ. ಸ್ಟಿಕ್ಕರ್‌ಗೆ ಇದು ಸಾಧ್ಯವೇ ಇಲ್ಲ.

ಹೆಸರು ಸರಿಯಾಗಿದ್ದರೆ ರಿಪೇರಿಯೂ ಸರಿಯಾಗುತ್ತದೆ, ಅದಕ್ಕೇ ಇಷ್ಟು ಹೇಳುತ್ತಿರುವುದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ನ್ಯಾಟ್ ಯುದ್ಧವಿಮಾನವನ್ನೇ ತಗೊಳ್ಳಿ. 1/72 ಅಳತೆಯಲ್ಲಿ ಅದು ಅಂಗೈಯಷ್ಟೇ ಇರುತ್ತದೆ. ನಮ್ಮ ವಾಯುಪಡೆಯ ಗುರುತಿನಲ್ಲಿ ಕೇಸರಿ ಮತ್ತು ಹಸಿರಿನ ನಡುವಿನ ಬಿಳಿ ಬಳೆ ಹಳದಿಗೆ ತಿರುಗಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಶೀಟನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ. ಕೆಲವು ದಿನ, ಕೆಲವೊಮ್ಮೆ ವಾರಗಳಲ್ಲಿ ಪೊರೆಯ ಹಳದಿ ಬಹಳಷ್ಟು ಬಿಡುತ್ತದೆ. ಬಣ್ಣ ಮಾಸದಂತೆ ಆಗಾಗ ನೋಡುತ್ತಿರಿ.

ಪೊರೆ ಒಣಗಿ ಬಿರಿದಿದ್ದರೆ ಬೇರೆ ದಾರಿ. ಮೊದಲು ಬೇಡದ ಒಂದು ಅಂಕಿಯನ್ನು ನೀರಿಗೆ ಹಾಕಿ. ಚೂರುಚೂರಾದರೆ ಉಳಿದ ಶೀಟಿಗೆ ಮೈಕ್ರೊಸ್ಕೇಲ್ ಕಂಪನಿಯ ಲಿಕ್ವಿಡ್ ಡೆಕಾಲ್ ಫಿಲ್ಮ್ ತೆಳ್ಳಗೆ ಬಳಿದು ಒಣಗಿಸಿ. ಈಗ ಇಡೀ ಶೀಟ್ ಒಂದೇ ಪೊರೆ, ಹಾಗಾಗಿ ಪ್ರತಿ ಚಿತ್ರವನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಲೇಬೇಕು. ಗೋಂದು ಸತ್ತಿದ್ದರೆ ನೀರು ಬೆರೆಸಿದ ಬಿಳಿ ಅಂಟು ಸ್ವಲ್ಪ ಸಾಕು.

ಇನ್ನು ‘ಸಿಲ್ವರಿಂಗ್’. ಕೂರಿಸಿದ ಮೇಲೆ ಪೊರೆ ಬೆಳ್ಳಗೆ ಮಿನುಗಿದರೆ ‘ಡೆಕಾಲ್ ಹಳೇದು’ ಅಂತ ಸುಮ್ನೆ ದೂರುತ್ತಾರೆ. ತಪ್ಪು ಹೆಚ್ಚಿನ ಸಲ ಅಡಿಯ ಬಣ್ಣದ್ದು. ಹೊಳಪಿಲ್ಲದ ಮ್ಯಾಟ್ ಬಣ್ಣ ತರಿತರಿಯಾಗಿರುತ್ತದೆ, ಗಾಳಿ ಕೆಳಗೆ ಸಿಕ್ಕಿಕೊಳ್ಳುತ್ತದೆ. ಮೊದಲು ಹೊಳಪಿನ ಕೋಟ್, ಆಮೇಲೆ ಡೆಕಾಲ್, ಕೊನೆಗೆ ಮ್ಯಾಟ್. ಆಗಲೇ ಮಿನುಗಿದ್ದರೆ ಸೂಜಿಯಿಂದ ಸಣ್ಣಗೆ ಚುಚ್ಚಿ, ಮೇಲೆ ಮೈಕ್ರೊ ಸಾಲ್ ಸವರಿ, ಒಣಗುವವರೆಗೆ ಬೆರಳು ಹಚ್ಚಬೇಡಿ.